ಎಲ್ಲೆಲ್ಲಿ ಕೈ ಹಚ್ಚೀರಿ?

ನಡುದಾರಿಯಲ್ಲಿ ಕೆಟ್ಟು ನಿಂತ ಗಾಡಿಗೆ ನಮ್ಮ ಕಡೆ ಒಂದು ಮರ್ಯಾದೆ ಇದೆ. ಹೋಗುವವರು ನಿಂತು ವಿಚಾರಿಸುತ್ತಾರೆ, ಹೊಲದವರು ಕೊಡ ತುಂಬ ನೀರು ತಂದಿಡುತ್ತಾರೆ, ಟ್ರ್ಯಾಕ್ಟರಿನವನು ಹಗ್ಗ ಇಳಿಸುತ್ತಾನೆ. ಮನೆಯಲ್ಲೇ ರಿಪೇರಿ ಮಾಡಿ, ಕೈ ತೊಳೆದುಕೊಂಡು, ಚಾವಿ ತಿರುವಿದ ಮೇಲೆ ಅಂಗಳ ಬಿಟ್ಟು ಕದಲದ ಗಾಡಿಗೆ ಈ ಭಾಗ್ಯವಿಲ್ಲ. ನೋಡಲು ಬಂದವರು ಮೊದಲು ನಗುತ್ತಾರೆ. ಆಮೇಲೆ, ‘ನಿನ್ನಿತನಕ ಛಲೋ ಇತ್ತಲ್ಲೋ?’ ಎನ್ನುತ್ತಾರೆ. ಪ್ರಶ್ನೆ ಗಾಡಿಯ ಬಗ್ಗೆ ಅನ್ನಿಸಿದರೂ ಅದು ನಾಟುವುದು ಪಾನಾ ಹಿಡಿದವನಿಗೆ.

ಹೀಗೆ ನಾಟಿಸಿಕೊಂಡೂ ಪಾನಾ ಬಿಡದವನು ನಮ್ಮ ಕಾಕಾ. ಅವನ ಹತ್ತಿರ ಇರುವುದು ಹಳೆಯ ಟಾಟಾ 407. 1986ರಲ್ಲಿ ಬಂದ ಈ ಮಾದರಿಯ ಗಾಡಿಗಳು ಅರಕೇರಿ, ತಿಕೋಟಾ, ಬಬಲೇಶ್ವರದ ದಾರಿಗಳಲ್ಲಿ ಹೊರದ ಸರಕಿಲ್ಲ. ಕಬ್ಬಿನ ಬೀಜ, ಸಿಮೆಂಟು, ಜಾತ್ರೆಗೆ ಹೊರಟ ಮಂದಿ, ಮದುವೆಯ ಪಾತ್ರೆ ಎಲ್ಲ ಆಯಿತು. ಛಟ್ಟಿ ಅಮಾವಾಸ್ಯೆಗೆ ಮುಮ್ಮೆಟ್ಟಿಗುಡ್ಡದ ಅಮೋಘಸಿದ್ಧನ ಜಾತ್ರೆಗೂ ಕಾಕಾನ ಗಾಡಿ ಮಂದಿಯನ್ನು ತುಂಬಿಕೊಂಡು ಹೋಗುತ್ತದೆ. ಆದರೆ ಅದರ ನಿಜವಾದ ಸುಗ್ಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ದ್ರಾಕ್ಷಿ ಕೊಯ್ಯುವ ಕಾಲ. ಗಿಡದಿಂದ ಇಳಿಸಿದ ಹಣ್ಣನ್ನು ಕ್ರೇಟಿನಲ್ಲಿ ತುಂಬಿ ಶೆಡ್ಡಿಗೆ ಸಾಗಿಸಬೇಕು. ಅಲ್ಲಿ ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲೆಸಿದ ನೀರಿನಲ್ಲಿ ಅದ್ದಿ ಜಾಳಿಗೆಯ ಮೇಲೆ ಹರವಬೇಕು. ಎರಡು ಮೂರು ವಾರಕ್ಕೆ ಅದು ಒಣದ್ರಾಕ್ಷಿಯಾಗಿ ಮತ್ತೆ ಗಾಡಿ ಹತ್ತಿ ವಿಜಯಪುರದ ಪೇಟೆಗೋ ತಾಸಗಾಂವಕ್ಕೋ ಹೋಗುತ್ತದೆ. ಕೊಯ್ದ ಹಣ್ಣು ಗಾಡಿಗಾಗಿ ಕಾಯುವುದಿಲ್ಲ. ಮೋಡ ಕವಿದರಂತೂ ಗಾಡಿಯವನಿಗೆ ಫೋನು ಕೆಳಗಿಡಲು ಬಿಡುವಿರುವುದಿಲ್ಲ.

ಇಂಥ ಸುಗ್ಗಿಯಲ್ಲಿ ಗಾಡಿಯನ್ನು ವಿಜಯಪುರದ ಗ್ಯಾರೇಜಿನಲ್ಲಿ ಬಿಟ್ಟುಬಂದರೆ ಮಿಸ್ತ್ರಿಯ ಕೂಲಿ ಒಂದು ಕಡೆ, ಕೈ ತಪ್ಪಿದ ಬಾಡಿಗೆ ಇನ್ನೊಂದು ಕಡೆ. ಹೀಗಾಗಿ ಕಾಕಾನಂಥವರು ಅಮಾವಾಸ್ಯೆ ಹಿಡಿಯುತ್ತಾರೆ. ಅವತ್ತು ಹೇಗೂ ಬಾಡಿಗೆ ಕಡಿಮೆ. ಗಾಡಿಗೆ ನಿಂಬೆಹಣ್ಣು, ಊದಿನಕಡ್ಡಿಯ ಪೂಜೆ ಇದ್ದೇ ಇರುತ್ತದೆ. ಪೂಜೆಗೆಂದು ತೊಳೆದ ಗಾಡಿಯ ಬಾನೆಟ್ ಎತ್ತಿದರೆ ಕೈ ಸುಮ್ಮನಿರುವುದಿಲ್ಲ. ಶಿವರಾತ್ರಿ ಅಮಾವಾಸ್ಯೆಯೊಂದರಲ್ಲಿ ಅವನು ಕೈ ಸುಮ್ಮನಿರದೆ ಮಾಡಿದ ಕೆಲಸ ಐದು. ಸೆಲ್ಫ್ ಇಳಿಸಿ ಹೊಸ ಕಾರ್ಬನ್ ಹಾಕಿದ. ಡೀಸೆಲ್ ಫಿಲ್ಟರ್ ಬದಲಿಸಿದ. ಫೀಡ್ ಪಂಪಿನ ಬಾಯಲ್ಲಿರುವ ಪುಟ್ಟ ಜಾಳಿಗೆಯನ್ನು ತೆಗೆದು ತೊಳೆದ. ಬ್ಯಾಟರಿಯ ಟರ್ಮಿನಲ್ ತಿಕ್ಕಿದ. ಇಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ಲಿಗೆ ಎಣ್ಣೆ ಬಿಟ್ಟ. ಬಿಚ್ಚಿದ ನಟ್ಟು ಬೋಲ್ಟುಗಳೆಲ್ಲ ಆಯಿಯ ಹಿಟ್ಟಿನ ಪರಾತದಲ್ಲಿ ಡೀಸೆಲಿನಲ್ಲಿ ಮುಳುಗಿ ಕೂತಿದ್ದವು. ಟಾರ್ಚು ಹಿಡಿಯುವ ಕೆಲಸ ನನ್ನದು. ಆ ಕೆಲಸದವನಿಗೆ ಸಿಗುವ ಮಾತು ಎರಡೇ: ‘ಈ ಕಡೆ ಹಿಡಿ’, ‘ಕಣ್ಣಾಗ ಹಿಡೀಬ್ಯಾಡ’.

ಸಂಜೆಗೆ ಎಲ್ಲ ಕೂಡಿಸಿ ಮುಗಿಯಿತು. ಕಾಕಾ ಗಾಡಿ ಹತ್ತಿ ಸೆಲ್ಫ್ ಹೊಡೆದ. ಟಕ್ ಎಂದಿತು. ಇನ್ನೊಮ್ಮೆ ಹೊಡೆದ. ಇನ್ನೊಂದು ಟಕ್. ಡ್ಯಾಶ್‌ಬೋರ್ಡಿನ ದೀಪಗಳು ಸಣ್ಣಗಾಗಿ ಮತ್ತೆ ಬೆಳಗಿದವು.

ಅಲ್ಲಿಂದ ಮುಂದಿನದು ಊರಿನ ಪಾಲು. ಹತ್ತು ಮಂದಿ, ಹನ್ನೊಂದು ಮಾತು. ಬ್ಯಾಟರಿ ಹೋಗಿದೆ ಅಂದರು ಒಬ್ಬರು. ‘ಹೋಗಿದ್ರ ಹಾರ್ನ್ ಹೆಂಗ ಬಾರಸತೈತಿ?’ ಎಂದು ಕಾಕಾ ಹಾರ್ನ್ ಒತ್ತಿ ಓಣಿಯನ್ನೆಲ್ಲ ಎಬ್ಬಿಸಿದ. ಇದು ಎಲ್ಲ ಊರುಗಳಲ್ಲೂ ನಡೆಯುವ ವಾದ, ಎಲ್ಲ ಊರುಗಳಲ್ಲೂ ಪೊಳ್ಳು. ಹಾರ್ನಿಗೆ ಬೇಕಾದದ್ದು ಕೆಲವೇ ಆಂಪಿಯರ್. ಡೀಸೆಲ್ ಇಂಜಿನ್ನನ್ನು ತಿರುವುವ ಸೆಲ್ಫ್ ನೂರಾರು ಆಂಪಿಯರ್ ಕೇಳುತ್ತದೆ. ಹಾರ್ನ್ ಊದುವ ಬ್ಯಾಟರಿ ಸೆಲ್ಫಿನ ಮುಂದೆ ಮಂಡಿಯೂರುವುದು ದಿನನಿತ್ಯದ ಸಂಗತಿ. 12 ವೋಲ್ಟಿನ ಬ್ಯಾಟರಿ ತುಂಬಿದ್ದಾಗ 12.6ರ ಸುಮಾರು ತೋರಿಸಬೇಕು, ಸೆಲ್ಫ್ ಹೊಡೆಯುವಾಗಲೂ 9.6ಕ್ಕಿಂತ ಕೆಳಗೆ ಬೀಳಬಾರದು. ಬ್ಯಾಟರಿಯ ಯೋಗ್ಯತೆ ತಿಳಿಯುವುದು ಭಾರ ಹೊತ್ತಾಗ ಮಾತ್ರ.

ಇನ್ನೊಬ್ಬರು ದಬ್ಬೋಣ ಎಂದರು. ಹುಡುಗರು ಕೂಡಿದರು. ವಿಜಯಪುರದಲ್ಲಿ ಬೆಳೆದವರಿಗೆ ಭಾರ ಅಂದರೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ 55 ಟನ್ನಿನ ತೋಪನ್ನು ಎಳೆದು ತರಲು ನಾನೂರು ಎತ್ತು, ಹತ್ತು ಆನೆ ಬೇಕಾದವು ಎಂದು ಗೈಡುಗಳು ಹೇಳುತ್ತಾರೆ. ‘ನಿಮ್ಮ ಗಾಡಿಗೆ ಆನಿ ಎಲ್ಲಿಂದ ತರೂದ್ರಿ?’ ಎಂದು ಒಬ್ಬ ಹುಡುಗ ಕೇಳಿದ. ಸೆಲ್ಫ್ ತಿರುಗದಿದ್ದಾಗ ಹಳೆಯ ಡೀಸೆಲ್ ಗಾಡಿಯನ್ನು ದಬ್ಬುವುದು ತಪ್ಪಲ್ಲ. ಅದಕ್ಕೆ ಕಿಡಿ ಬೇಡ, ಇಂಜಿನ್ ತಿರುಗಿದರೆ ಸಾಕು. ಹೊಟ್ಟೆಗೆ ಡೀಸೆಲ್ಲೇ ಹೋಗದ ಗಾಡಿಯನ್ನು ಮಾತ್ರ ಸೊಲ್ಲಾಪುರದ ತನಕ ದಬ್ಬಿದರೂ ಅದು ಹೊತ್ತಿಕೊಳ್ಳುವುದಿಲ್ಲ. ನಮ್ಮ ಹುಡುಗರು ಗುಡಿಯ ಕಟ್ಟೆಯ ತನಕ ದಬ್ಬಿ ಕೈಬಿಟ್ಟರು. ಇಂಜಿನ್ ತಿರುಗಿತು, ಮಾತಾಡಲಿಲ್ಲ.

ಆಗ ಒಬ್ಬ ಹಿರಿಯ ಡ್ರೈವರ್ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಏರ್ ಕ್ಲೀನರಿನ ಬಾಯಿಗೆ ಹಿಡಿಯಲು ಮುಂದಾದ. ಹಿಂದಿನವರು ಛಳಿಗಾಲದ ಬೆಳಗಿನಲ್ಲಿ ಕಾಗದ ಹೊತ್ತಿಸಿ ಹಿಡಿಯುತ್ತಿದ್ದರಂತೆ. ಆಯಿ ಒಳಗಿನಿಂದಲೇ ಕೂಗಿದಳು: ‘ಅಮಾಸಿ ದಿನ ಬೆಂಕಿ ಹಚ್ಚಿದ್ರ ನಾ ಸುಮ್ನ ಇರೂದಿಲ್ಲ.’ ಆಯಿಯ ಕಾರಣ ಬೇರೆ, ಫಲಿತಾಂಶ ಸರಿ. ಪೆಟ್ರೋಲಿನ ಆವಿ ಹೊತ್ತು ತಪ್ಪಿ ಹೊತ್ತಿಕೊಂಡರೆ ಪಿಸ್ಟನ್ನೋ ಕನೆಕ್ಟಿಂಗ್ ರಾಡೋ ಮುರಿದೀತು. ಹಿಡಿದವನ ಮೋರೆಯೂ ಸುಟ್ಟೀತು.

ಮರುದಿನ ನಸುಕಿಗೇ ತೋಟದವನ ಫೋನು ಬಂತು. ಹಣ್ಣು ಇಳಿಸಲು ಆಳುಗಳು ಬಂದಾಗಿತ್ತು. ವಿಜಯಪುರದಿಂದ ಮಿಸ್ತ್ರಿಯನ್ನು ಕರೆಸಲೇಬೇಕಾಯಿತು. ಮೋಟರ್‌ಸೈಕಲ್ಲಿನಿಂದ ಇಳಿದವನು ಪಾನಾದ ಚೀಲ ಬಿಚ್ಚಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಚಹಾ ಕೈಗೆ ತೆಗೆದುಕೊಂಡು, ‘ಎಲ್ಲೆಲ್ಲಿ ಕೈ ಹಚ್ಚೀರಿ?’ ಎಂದ.

‘ಹೆಚ್ಚೇನಿಲ್ಲ, ಫಿಲ್ಟರ್ ಒಂದ ಚೇಂಜ್ ಮಾಡೀನಿ’ ಎಂದ ಕಾಕಾ.

ಆಸ್ಪತ್ರೆಗೆ ಹೋದವರು ಡಾಕ್ಟರ ಮುಂದೆ ‘ಊಟ ಮಾಮೂಲೇರಿ’ ಎನ್ನುವ ದನಿಯದು. ಸುಳ್ಳು ಹೇಳುವ ಮನಸ್ಸು ಇರುವುದಿಲ್ಲ. ಐದರಲ್ಲಿ ನಾಲ್ಕು ಕೆಲಸ ಸರಿಯಾಗಿಯೇ ಮಾಡಿದ್ದೇನೆ ಎಂಬ ನಂಬಿಕೆ ಇರುತ್ತದೆ, ಸರಿಯಾಗಿ ಮಾಡಿದ್ದನ್ನು ಯಾಕೆ ಹೇಳಬೇಕು? ಮಿಸ್ತ್ರಿಗೆ ಬೇಕಾದದ್ದು ತಪ್ಪಿನ ಪಟ್ಟಿಯಲ್ಲ. ಕೈ ಮುಟ್ಟಿದ ಜಾಗಗಳ ಪಟ್ಟಿ ಅವನಿಗೆ ಬೇಕು. ನಿನ್ನೆಯತನಕ ಓಡಿದ ಇಂಜಿನ್ನಿನ ಪಿಸ್ಟನ್ನು, ವಾಲ್ವು, ಹೆಡ್ ಗ್ಯಾಸ್ಕೆಟ್ಟು ರಾತ್ರಿ ಕಳೆದು ಬೆಳಗಾಗುವುದರಲ್ಲಿ ತಾವಾಗಿ ಕೆಡುವುದು ಅಪರೂಪ. ಕೆಟ್ಟದ್ದು ಹೆಚ್ಚುಕಡಿಮೆ ಯಾವಾಗಲೂ ನಿನ್ನೆ ಕೈ ಆಡಿದ ಕಡೆಯೇ ಇರುತ್ತದೆ. ಇಷ್ಟು ಗೊತ್ತಿದ್ದರೆ ಇಡೀ ಇಂಜಿನ್ ಹುಡುಕುವ ಕೆಲಸ ಒಂದು ಗೇಣಿಗೆ ಇಳಿಯುತ್ತದೆ. ಇದನ್ನು ಬಿಟ್ಟು ಪಂಪೇ ಹೋಗಿದೆ ಎಂದು ಪಂಪ್ ಇಳಿಸಿದವರು, ನಾಝಲ್ ಹೋಗಿದೆ ಎಂದು ನಾಝಲ್ ಕೊಂಡವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ.

ಮಿಸ್ತ್ರಿ ಕಾಕಾನ ಮಾತಿಗೆ ತಲೆಯಾಡಿಸಿ ಬಾನೆಟ್ ಎತ್ತಿದ. ಎರಿ ಮಣ್ಣಿನ ಸೀಮೆಯಲ್ಲಿ ಓಡುವ ಗಾಡಿಯ ಇಂಜಿನ್ನಿನ ಮೇಲೆ ಎಣ್ಣೆ ಮತ್ತು ಕರಿ ಧೂಳು ಕೂಡಿ ಒಂದು ಪದರ ಕೂತಿರುತ್ತದೆ. ಆ ಪದರ ಎಲ್ಲಿ ಕಿತ್ತಿದೆಯೋ ಅಲ್ಲಿ ಕೈ ಆಡಿದೆ. ಪಾನಾ ಬಿದ್ದ ನಟ್ಟಿನ ಮೂಲೆಗಳು ಬೆಳ್ಳಗೆ ಹೊಳೆಯುತ್ತವೆ. ‘ಫಿಲ್ಟರ್ ಒಂದ ಅಂದ್ರಿ. ಸೆಲ್ಫ್ ಬೋಲ್ಟ್ ಹೊಳಿಯಾಕತ್ತೈತಿ. ಫೀಡ್ ಪಂಪ್ ಯಾರ್ ಬಿಚ್ಚ್ಯಾರ?’ ಎಂದು ಅವನು ಬೆರಳು ತೋರಿಸುತ್ತ ಹೋದ; ಕಾಕಾ ಒಂದೊಂದಾಗಿ ಒಪ್ಪಿಕೊಳ್ಳುತ್ತ ಹೋದ. ಧೂಳು ಸಾಕ್ಷಿ ನುಡಿದ ಮೇಲೆ ಜವಾಬಿಗೆ ಬೇರೆ ದಾರಿಯಿಲ್ಲ.

ಮಿಸ್ತ್ರಿಯ ಎರಡನೆಯ ಕೆಲಸ ನನಗೆ ಇವತ್ತಿಗೂ ಬೆರಗು. ಕಾಕಾನಿಗೆ ಸೆಲ್ಫ್ ಹೊಡೆಯಲು ಹೇಳಿ ತಾನು ಆಕ್ಸಿಲರೇಟರ್ ಕೇಬಲ್ಲನ್ನು ಎರಡು ಬೆರಳಿನಿಂದ ಹಿಡಿದುಕೊಂಡ. ಟಕ್ ಎಂದಿತು. ಕೈ ತೆಗೆದು, ‘ಕೇಬಲ್ ಬಿಸಿ ಆತು. ಅರ್ತಿಂಗ್ ಇಲ್ಲ’ ಎಂದ. ಇಂಜಿನ್ ಕೂತಿರುವುದು ರಬ್ಬರಿನ ಮೌಂಟಿಂಗಿನ ಮೇಲೆ. ಬ್ಯಾಟರಿಯಿಂದ ಸೆಲ್ಫಿಗೆ ಹೋದ ಕರೆಂಟು ಇಂಜಿನ್ನಿನ ಮೈಗಿಳಿದು ಮತ್ತೆ ಚಾಸಿಗೆ ಬರಬೇಕಾದರೆ ನಡುವೆ ಒಂದು ದಪ್ಪ ಅರ್ತಿಂಗ್ ಪಟ್ಟಿ ಬೇಕು. ಸೆಲ್ಫ್ ಇಳಿಸುವಾಗ ಕಾಕಾ ಅದನ್ನು ಬಿಚ್ಚಿದ್ದ, ಕೂಡಿಸುವಾಗ ಸಡಿಲ ಬಿಟ್ಟಿದ್ದ. ತನ್ನ ದಾರಿ ಮುಚ್ಚಿದಾಗ ಕರೆಂಟು ಸಿಕ್ಕ ದಾರಿ ಹಿಡಿಯಿತು: ಇಂಜಿನ್ನಿಗೂ ಗಾಡಿಯ ಮೈಗೂ ನಡುವೆ ಇದ್ದ ಲೋಹದ ಎಳೆಗಳಲ್ಲಿ ಆ ಕೇಬಲ್ಲೂ ಒಂದು. ಸಣ್ಣ ತಂತಿಯಲ್ಲಿ ನೂರಾರು ಆಂಪಿಯರ್ ಹರಿಯಲು ಹೋದರೆ ಕೇಬಲ್ ಕಾಯುತ್ತದೆ, ಸೆಲ್ಫಿಗೆ ಮಾತ್ರ ಕೂಳು ಸಾಲುವುದಿಲ್ಲ. ಪಟ್ಟಿಯ ತುದಿಯ ತುಕ್ಕು ತಿಕ್ಕಿ, ಬೋಲ್ಟು ಬಿಗಿದು, ಸೆಲ್ಫ್ ಹೊಡೆದರೆ ಇಂಜಿನ್ ಗರಗರ ತಿರುಗಿತು.

ತಿರುಗಿತು, ಅಷ್ಟೇ. ಚಾಲೂ ಆಗಲಿಲ್ಲ.

ಕಾಕಾನ ಮೋರೆಯಲ್ಲಿ ಸ್ವಲ್ಪ ಸಮಾಧಾನ ಕಂಡಿತು. ತಾನು ರಾತ್ರಿಯೆಲ್ಲ ಸೋತದ್ದರಲ್ಲಿ ಗಾಡಿಯ ಪಾಲೂ ಇದೆ ಎಂಬಂಥದ್ದು. ಮಿಸ್ತ್ರಿ ಗಾಡಿಯ ಹಿಂದೆ ಹೋಗಿ ಸೈಲೆನ್ಸರಿನ ಬಾಯಿ ನೋಡಿದ. ‘ಹೊಗಿ ಬರವಲ್ದು’ ಎಂದ. ಡೀಸೆಲ್ ಮಿಸ್ತ್ರಿಗಳ ಅರ್ಧ ವಿದ್ಯೆ ಈ ಮಾತಿನಲ್ಲಿದೆ. ತಿರುವಿದಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಕಂಪ್ರೆಶನ್ನು, ಟೈಮಿಂಗು, ಛಳಿ, ನಿಧಾನ ತಿರುಗುವ ಸೆಲ್ಫು ಇವುಗಳ ಕಡೆ ಹೊರಳಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿನ ಬಾಗಿಲಿಗೇ ಬಂದಿಲ್ಲ. ಒಂದು ಪೈಸೆ ಖರ್ಚಿಲ್ಲದೆ ಅರ್ಧ ಇಂಜಿನ್ನನ್ನು ಅನುಮಾನದಿಂದ ಬಿಡಿಸುವ ಪರೀಕ್ಷೆ ಇದು.

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಕೊಡುವ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಹದಿನೇಳು ಹದಿನೆಂಟರಲ್ಲಿ ಒಂದು ಪಾಲಿಗೆ ಹಿಚುಕಿದಾಗ ಅದು 500 ಡಿಗ್ರಿ ದಾಟಿ ಕಾಯುತ್ತದೆ. ಆ ಗಳಿಗೆಗೆ ಸರಿಯಾಗಿ ನಾಝಲ್ಲಿನಿಂದ ಡೀಸೆಲ್ ಮಂಜಿನಂತೆ ಸಿಡಿದರೆ ತಾನಾಗಿ ಹೊತ್ತುತ್ತದೆ. ಕಾಕಾನ ಗಾಡಿಯ ಇಂಜಿನ್ 497: ನಾಲ್ಕು ಸಿಲಿಂಡರ್, ಒಂದೊಂದರ ಅಗಲ 97 ಮಿಲಿಮೀಟರ್. ದೊಡ್ಡ ಲಾರಿಗಳ 697 ಅಂದರೆ ಅದೇ ಅಗಲದ ಆರು ಸಿಲಿಂಡರ್. ಈ ಸಂಖ್ಯೆಗಳನ್ನು ನಮ್ಮ ಡ್ರೈವರುಗಳು ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿಟ್ಟಿರುತ್ತಾರೆ. ನಾಲ್ಕು ಸಿಲಿಂಡರ್ ಉರಿಯುವ ಸರದಿ 1-3-4-2, ಆರರದು 1-5-3-6-2-4. ಪಂಪಿನಿಂದ ನಾಝಲ್ಲಿಗೆ ಹೋಗುವ ಪೈಪು ಅದಲುಬದಲಾದರೆ ಸರದಿ ತಪ್ಪಿ, ಒಂದನ್ನು ತುಂಬಬೇಕಾದ ಡೀಸೆಲ್ ಇನ್ನೊಂದಕ್ಕೆ ಹೋಗುತ್ತದೆ.

ಈ ಇಂಜಿನ್ನನ್ನು ಯೋಚಿಸಿ ಕಟ್ಟಿದ ರುಡಾಲ್ಫ್ ಡೀಸೆಲ್‌ನಿಗೇ ಅದನ್ನು ಚಾಲೂ ಮಾಡುವುದು ಸುಲಭವಾಗಿರಲಿಲ್ಲ. 1893ರ ಆಗಸ್ಟಿನಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಮೊದಲ ಸಲ ಹೊತ್ತಿಸಿದಾಗ ಒತ್ತಡ ಅಳೆಯುವ ಸಾಧನವೇ ಸಿಡಿಯಿತು. ಇಂಜಿನ್ ತಾನಾಗಿ ಓಡಲಿಲ್ಲ. 1894ರ ಫೆಬ್ರವರಿಯಲ್ಲಿ ಒಂದು ನಿಮಿಷದಷ್ಟು ಓಡಿತು. ನೆಚ್ಚಿ ಕೆಲಸಕ್ಕೆ ಹಚ್ಚಬಹುದಾದ ಇಂಜಿನ್ ಆದದ್ದು 1897ರಲ್ಲಿ. ಆ ಕಾಲದ ಇಂಜಿನ್ನುಗಳು ಡೀಸೆಲ್ ಊದಲು ದೊಡ್ಡ ಗಾಳಿಯಂತ್ರ ಹೊತ್ತಿರುತ್ತಿದ್ದವು. ಅವನ್ನು ಲಾರಿಗೆ ಏರಿಸುವಂತಿರಲಿಲ್ಲ. 1927ರಲ್ಲಿ ಬಾಷ್ ಕಂಪನಿ ನಾಝಲ್ಲಿಗೆ ಡೀಸೆಲ್ ಒತ್ತುವ ಸಾಲು ಪಂಪನ್ನು ಕಾರ್ಖಾನೆಯಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ರಸ್ತೆಯಲ್ಲಿ ನೆಲೆಯೂರಿತು. ಅದೇ ಪಂಪು ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಹೆಸರಿನಲ್ಲಿ ತಯಾರಾಗಿ ದೇಶದ ಲಾರಿಗಳಿಗೆಲ್ಲ ಹೋಯಿತು. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಗ್ಯಾರೇಜುಗಳಲ್ಲಿ ಪಂಪು ಇನ್ನೂ ಮೈಕೋ ಪಂಪೇ. ಡೀಸೆಲ್ ಪಂಪಿನ ಕೆಲಸದ ಅಂಗಡಿಗಳ ಹಳೆಯ ಬೋರ್ಡಿನಲ್ಲೂ ಅದೇ ಹೆಸರು ಉಳಿದಿದೆ.

ಮಿಸ್ತ್ರಿ ಅದೇ ಮೈಕೋ ಪಂಪಿನ ಪಕ್ಕದ ಪುಟ್ಟ ಹ್ಯಾಂಡ್ ಪಂಪಿನ ಗುಂಡಿ ತಿರುವಿ ಎತ್ತಿ, ಫಿಲ್ಟರಿನ ನೆತ್ತಿಯ ಏರ್ ಸ್ಕ್ರೂ ಸಡಿಲಿಸಿ, ಪುಸ್ ಪುಸ್ ಎಂದು ಒತ್ತತೊಡಗಿದ. ಸ್ಕ್ರೂವಿನ ಸುತ್ತ ಡೀಸೆಲ್ ನೊರೆನೊರೆಯಾಗಿ ಉಕ್ಕಿತು. ಫಿಲ್ಟರ್ ಬದಲಿಸಿದಾಗ ಲೈನಿನಲ್ಲಿ ಗಾಳಿ ಹೊಗುವುದು ಸಹಜ. ನೊರೆ ನಿಂತು ನಿಚ್ಚಳ ಡೀಸೆಲ್ ಬರುವತನಕ ಒತ್ತಿ ಸ್ಕ್ರೂ ಬಿಗಿದರೆ ಮುಗಿಯಿತು. ಏರ್ ತೆಗೆಯುವುದು ಕಾಕಾನಿಗೂ ಗೊತ್ತು, ಹಿಂದಿನ ದಿನ ಅವನೂ ಒತ್ತಿದ್ದ. ಗಾಳಿಯಿದ್ದರೆ ಯಾಕೆ ಚಾಲೂ ಆಗುವುದಿಲ್ಲ ಅಂದರೆ, ನಾಝಲ್ ಬಾಯಿ ತೆರೆಯಲು 200 ಬಾರ್ ಸುಮಾರಿನ ಒತ್ತಡ ಬೇಕು. ಡೀಸೆಲ್ಲನ್ನು ಒತ್ತಿದರೆ ಆ ಒತ್ತಡ ಏರುತ್ತದೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗಿ ಮತ್ತೆ ಹಿಗ್ಗುತ್ತದೆ, ನಾಝಲ್ ಬಾಯಿ ಬಿಡುವುದಿಲ್ಲ.

ಮಿಸ್ತ್ರಿ ಒತ್ತಿಯೇ ಒತ್ತಿದ. ನೊರೆ ನಿಲ್ಲಲಿಲ್ಲ. ಅವನು ಕೈ ನಿಲ್ಲಿಸಿ, ‘ಗಾಳಿ ಒಳಗ ಉಳದಿಲ್ಲ, ಹೊಸದು ಬರಾಕತ್ತೈತಿ’ ಎಂದ.

ಇದನ್ನು ಬಾವಿಯ ಮೇಲೆ ಪಂಪ್‌ಸೆಟ್ ಇಟ್ಟ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಫುಟ್‌ವಾಲ್ವ್ ಸರಿ ಕೂಡದಿದ್ದರೆ, ಅಥವಾ ಎಳೆಯುವ ಕಡೆಯ ಪೈಪಿನಲ್ಲಿ ಕೂದಲೆಳೆಯಷ್ಟು ಸೀಳಿದ್ದರೆ, ಎಷ್ಟು ಕೊಡ ನೀರು ಹೊಯ್ದರೂ ಪಂಪು ನೀರು ಹಿಡಿಯುವುದಿಲ್ಲ. ಆ ಸೀಳಿನಿಂದ ಒಂದು ಹನಿಯೂ ಹೊರಗೆ ಬೀಳುವುದಿಲ್ಲ. ಗಾಳಿ ಒಳಗೆ ಹೋಗುತ್ತದೆ. ಗಾಡಿಯಲ್ಲೂ ಅಷ್ಟೇ. ಡೀಸೆಲ್ ಟ್ಯಾಂಕ್ ಕೆಳಗೆ ಚಾಸಿಯ ಪಕ್ಕದಲ್ಲಿ, ಫೀಡ್ ಪಂಪು ಮೇಲೆ ಇಂಜಿನ್ನಿನಲ್ಲಿ. ಟ್ಯಾಂಕಿನಿಂದ ಫೀಡ್ ಪಂಪಿನ ತನಕ ಎಳೆಯುವ ಕಡೆ. ಅಲ್ಲಿಂದ ಮುಂದೆ ಫಿಲ್ಟರ್, ದೊಡ್ಡ ಪಂಪು, ನಾಝಲ್ ಎಲ್ಲ ಒತ್ತುವ ಕಡೆ. ಒತ್ತುವ ಕಡೆ ತೂತಾದರೆ ಡೀಸೆಲ್ ಸೋರಿ ತನ್ನ ಜಾಗ ತಾನೇ ತೋರಿಸಿಕೊಡುತ್ತದೆ. ಎಳೆಯುವ ಕಡೆಯ ತೂತು ಒಣಗಿಯೇ ಇರುತ್ತದೆ. ಕಾಕಾ ರಾತ್ರಿಯೆಲ್ಲ ಟಾರ್ಚ್ ಹಾಕಿಸಿ ಎಲ್ಲಿ ಹಸಿ ಇದೆಯೆಂದು ಹುಡುಕಿಸಿದ್ದ. ರೋಗ ಹಸಿಯಿಲ್ಲದ ಕಡೆ ಇತ್ತು.

ಮಿಸ್ತ್ರಿ ಒಂದು ಡಬ್ಬಿಯಲ್ಲಿ ಡೀಸೆಲ್ ಹಾಕಿಸಿ ಬಾನೆಟ್ಟಿನ ಕೊಕ್ಕೆಗೆ ತೂಗುಹಾಕಿದ. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನಿಂದ ಬಿಚ್ಚಿ, ತನ್ನ ಚೀಲದ ತುಂಡು ಪೈಪಿನ ತುದಿಯನ್ನು ಅದೇ ಜಾಗಕ್ಕೆ ಹೊಸ ವಾಷರಿನ ಜೋಡಿ ಹಾಕಿ ಬಿಗಿದ. ಹ್ಯಾಂಡ್ ಪಂಪ್ ಒತ್ತಿದ. ನೊರೆ ಬಂತು, ತೆಳುವಾಯಿತು, ನಿಂತಿತು. ನಾಝಲ್ ಪೈಪುಗಳ ನಟ್ಟನ್ನು ಒಂದೊಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆಸಿದ. ನಟ್ಟಿನ ಸಂದಿಯಲ್ಲಿ ಗುಳ್ಳೆ ಹೋಗಿ ಡೀಸೆಲ್ ಚಿಮ್ಮಿದ ಕೂಡಲೇ ಬಿಗಿಯುತ್ತ ಬಂದ. ಮೂರನೆಯದನ್ನು ಬಿಗಿಯುವಾಗಲೇ ಸೈಲೆನ್ಸರ್ ಬಿಳಿ ಹೊಗೆ ಕೆಮ್ಮಿತು. ನಾಲ್ಕನೆಯದು ಬಿಗಿದ ಮೇಲೆ ಇಡೀ ಗಾಡಿ ಒಮ್ಮೆ ಮೈಮುರಿದು ಗುಡುಗಿತು. ಓಣಿಯ ನಾಯಿಗಳೆಲ್ಲ ಎದ್ದು ನಿಂತವು.

ಹಾಗಾದರೆ ಪಂಪು, ಫಿಲ್ಟರ್, ನಾಝಲ್ ಎಲ್ಲ ನಿರಪರಾಧಿಗಳು. ದೋಷ ಇದ್ದದ್ದು ಟ್ಯಾಂಕಿನಿಂದ ಫೀಡ್ ಪಂಪಿನ ಬಾಯಿಯ ತನಕ, ಅದರಲ್ಲೂ ನಿನ್ನೆ ಬಿಚ್ಚಿ ಕೂಡಿಸಿದ ಜಾಗದಲ್ಲಿ. ಪೈಪಿನ ಉಂಗುರದಂಥ ತುದಿಯ ನಡುವೆ ಬೋಲ್ಟು ತೂರಿಸಿ ಬಿಗಿಯುವ ಕೀಲು ಅದು. ಉಂಗುರದ ಮೇಲೊಂದು, ಕೆಳಗೊಂದು, ಎರಡು ತಾಮ್ರದ ವಾಷರ್ ಕೂಡಬೇಕು. ಕಾಕಾ ಬಿಗಿದಿದ್ದ ಕೀಲಿನಲ್ಲಿ ಒಂದೇ ಇತ್ತು. ಮಿಸ್ತ್ರಿ ಆಯಿಯ ಪರಾತದ ಡೀಸೆಲಿನಲ್ಲಿ ಬೆರಳಾಡಿಸಿದ. ಕಿರುಬೆರಳಿನ ಉಂಗುರದಷ್ಟು ಅಗಲದ, ಕಪ್ಪಾದ, ಎರಡೂ ಮಗ್ಗುಲು ಗೆರೆ ಬಿದ್ದ ವಾಷರೊಂದು ತೇಲಾಡುವ ಕಸದ ಕೆಳಗೆ ಸಿಕ್ಕಿತು. ‘ಕಂಪನಿಯವರು ಒಂದ ಹೆಚ್ಚಿಗಿ ಹಾಕಿರ್ತಾರ ಅಂದ್ಕೊಂಡಿದ್ದೆ’ ಎಂದ ಕಾಕಾ. ಮನೆ ರಿಪೇರಿಯ ಕೊನೆಯಲ್ಲಿ ಉಳಿಯುವ ಸಾಮಾನಿನ ಬಗ್ಗೆ ನಮ್ಮ ನಾಡಿನ ಸಮ್ಮತ ಸಿದ್ಧಾಂತ ಇದೇ. ಯಾವ ಕಂಪನಿಯೂ ಒಂದು ವಾಷರನ್ನೂ ಧರ್ಮಕ್ಕೆ ಹಾಕುವುದಿಲ್ಲ.

ತಾಮ್ರವನ್ನೇ ಹಾಕುವುದಕ್ಕೂ ಕಾರಣವಿದೆ. ಅದು ಮೆತ್ತಗಿನ ಲೋಹ. ಬಿಗಿದಾಗ ತಾನು ಚಪ್ಪಟೆಯಾಗಿ ಕೀಲಿನ ಏರುತಗ್ಗು ತುಂಬುತ್ತದೆ. ಒಮ್ಮೆ ಚಪ್ಪಟೆಯಾದದ್ದು ಗಡುಸಾಗಿ ಎರಡನೆಯ ಸಲ ಅಷ್ಟು ಚೆನ್ನಾಗಿ ಕೂಡುವುದಿಲ್ಲ. ಹೊಸದು ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ. ಮಿಸ್ತ್ರಿಗಳು ಗ್ಯಾಸಿನ ಒಲೆಯ ಮೇಲೆ ಹೀಗೆ ಕಾಯಿಸುವುದನ್ನು ನೋಡಿದ್ದೇನೆ.

ಅವತ್ತಿನ ಚಹಾ ಎರಡನೆಯ ಸುತ್ತಿಗೆ ಬಂದಾಗ ಮಿಸ್ತ್ರಿ ತಾನು ಕಂಡ ಮನೆ ರಿಪೇರಿಗಳ ಕತೆ ಬಿಚ್ಚಿದ. ಒಂದು ಗಾಡಿಯಲ್ಲಿ ಧೂಳು ಹೋಗದಿರಲೆಂದು ಇನ್‌ಟೇಕಿನ ಬಾಯಿಗೆ ತುರುಕಿದ ಬಟ್ಟೆ ಅಲ್ಲಿಯೇ ಉಳಿದಿತ್ತು. ಗಾಳಿಯಿಲ್ಲದೆ ಡೀಸೆಲ್ ಎಲ್ಲಿ ಉರಿಯಬೇಕು? ಇನ್ನೊಂದರಲ್ಲಿ ಟ್ಯಾಂಕಿಗೆ ಹೋಗುವ ಪೈಪೂ ಟ್ಯಾಂಕಿನಿಂದ ಬರುವ ಪೈಪೂ ಅದಲುಬದಲಾಗಿದ್ದವು. ಮತ್ತೊಂದರಲ್ಲಿ ಸ್ಟಾಪ್ ಕೇಬಲ್ ಎಳೆದ ಜಾಗದಲ್ಲೇ ಸಿಕ್ಕಿಕೊಂಡು, ಇಂಜಿನ್ನಿಗೆ ಒಂದು ಕೈಯಿಂದ ಚಾಲೂ ಆಗೆಂದೂ ಇನ್ನೊಂದು ಕೈಯಿಂದ ನಿಲ್ಲೆಂದೂ ಹೇಳಿದಂತಾಗಿತ್ತು. ಅದನ್ನು ಬಿಡಿಸಲು ಅವನಿಗೆ ಬೇಕಾದದ್ದು ಹೆಬ್ಬೆರಳು ಮಾತ್ರ. ಆ ಮನೆಯವರು ಅಷ್ಟರಲ್ಲಿ ಹೊಸ ಬ್ಯಾಟರಿ ಕೊಂಡಿದ್ದರು.

ನಾನು ಹೊಸ ಗಾಡಿಗಳ ಮಾತು ತೆಗೆದೆ. 2020ರ ಏಪ್ರಿಲ್ 1ರಿಂದ ಹೊಗೆಯ ಹೊಸ ನಿಯಮ ಬಿಎಸ್-6 ಬಂದಿದೆ. ಇಂಜಿನ್ನಿಗೆ ಕಂಪ್ಯೂಟರ್ ಕೂತಿದೆ. ನಾಝಲ್ಲುಗಳಿಗೆ ಡೀಸೆಲ್ ಹಂಚುವ ರೇಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಅದರ ಪೈಪಿನ ನಟ್ಟನ್ನು ಹಳೆಯ ರೂಢಿಯಂತೆ ಸಡಿಲಿಸಿದರೆ ಚಿಮ್ಮುವ ಎಳೆ ಚರ್ಮ ಕೊರೆದು ಒಳಗೆ ಹೋಗುತ್ತದೆ. ಇನ್ನು ಕಾಕಾನಂಥವರ ಕಾಲ ಮುಗಿಯಿತಲ್ಲವೇ ಎಂದೆ. ಮಿಸ್ತ್ರಿ ನಕ್ಕ. ಹಿಂದಿನ ವಾರ ಒಂದು ಹೊಸ ಪಿಕಪ್ಪಿಗೆ ಸ್ಕ್ಯಾನರ್ ಹಚ್ಚಿದನಂತೆ. ಪಿ 0087 ಎಂದು ತೋರಿಸಿತು: ರೇಲಿನಲ್ಲಿ ಒತ್ತಡ ಸಾಲದು. ಒತ್ತಡ ಸಾಲದೆಂದು ಯಂತ್ರ ಹೇಳಿತು, ಯಾಕೆ ಸಾಲದೆಂದು ಹೇಳಲಿಲ್ಲ. ಮನೆಯವರು ಯಾರೂ ಕೈ ಹಚ್ಚಿಲ್ಲ ಎಂದರು. ಬಾನೆಟ್ಟಿನ ಒಳಗೆಲ್ಲ ಧೂಳು, ಫಿಲ್ಟರಿನ ಡಬ್ಬಿ ಮಾತ್ರ ಮದುವೆಗಂಡಿನಂತೆ ಹೊಳೆಯುತ್ತಿತ್ತು. ರಬ್ಬರ್ ರಿಂಗ್ ತಿರುಚಿ ಕೂತಿತ್ತು. ‘ಸ್ಕ್ಯಾನರ್ ಗಾಡಿಗಿ ಕೇಳತೈತ್ರಿ, ಮಾಲಕಗ ನಾವ ಕೇಳಬೇಕು’ ಎಂದ.

ಮನೆಯಲ್ಲಿ ಗಾಡಿ ಬಿಚ್ಚಬಾರದು ಎಂದು ಅವನು ಹೇಳಲಿಲ್ಲ, ನಾನೂ ಹೇಳುವವನಲ್ಲ. ತನ್ನ ಗಾಡಿಯ ಒಳಗು ತಿಳಿದ ಡ್ರೈವರ್ ನಡುರಾತ್ರಿ ಸಾಂಗಲಿಯ ದಾರಿಯಲ್ಲಿ ಯಾರ ಕಾಲಿಗೂ ಬೀಳದೆ ಮನೆಗೆ ಬರುತ್ತಾನೆ. ಕಾಕಾನ ಐದು ಕೆಲಸಗಳಲ್ಲಿ ಮೂರು ಒಳ್ಳೆಯ ಮಿಸ್ತ್ರಿ ಮೆಚ್ಚುವಂತಿದ್ದವು. ಐದನ್ನೂ ಒಂದೇ ಉಸಿರಿಗೆ ಮಾಡಿದ್ದರಿಂದ ಗಾಡಿ ನಿಂತಾಗ ಐದು ಅನುಮಾನಗಳು ಒಟ್ಟಿಗೆ ಎದ್ದವು. ಒಂದರ ಹಿಂದೆ ಇನ್ನೊಂದು ಅಡಗಿ ಕೂತಿತು. ಅರ್ತಿಂಗ್ ಸರಿಯಿದ್ದಿದ್ದರೆ ಗಾಳಿಯ ದೋಷ ಸಂಜೆಯೇ ಸಿಗುತ್ತಿತ್ತು. ಗಾಳಿ ಸರಿಯಿದ್ದಿದ್ದರೆ ದಬ್ಬಿದ ಕೂಡಲೇ ಗಾಡಿ ಚಾಲೂ ಆಗುತ್ತಿತ್ತು. ಎರಡು ಸಣ್ಣ ದೋಷ ಕೂಡಿದಾಗ ಅದು ಎರಡರಷ್ಟಾಗಿ ನಿಲ್ಲುವುದಿಲ್ಲ, ಮನುಷ್ಯನಿಗೆ ತನ್ನ ಕೈಯ ಮೇಲಿನ ನಂಬಿಕೆಯನ್ನೇ ಕೆಡಿಸುತ್ತದೆ. ರಾತ್ರಿ ಕಾಕಾ ಇಂಜಿನ್ನೇ ಹೋಯಿತೆಂದು ಕೂತಿದ್ದ; ಬೆಳಗಾದ ಮೇಲೆ ತಿಳಿದ ನಷ್ಟ ಒಂದು ಸಡಿಲ ಬೋಲ್ಟು, ಒಂದು ವಾಷರು.

‘ಒಂದ ಬಿಚ್ಚ್ರಿ, ಒಂದ ಕೂಡಸ್ರಿ, ಚಾಲೂ ಮಾಡಿ ನೋಡ್ರಿ. ಆಮ್ಯಾಲ ಎರಡನೇದಕ್ಕ ಕೈ ಹಚ್ಚ್ರಿ’ ಎಂದು ಮಿಸ್ತ್ರಿ ಹೊರಡುವ ಮುಂಚೆ ಹೇಳಿದ.

ಕ್ರೇಟು ತರಲು ಹೊರಟಿದ್ದ ಕಾಕಾ ಗಾಡಿಯ ಕಿಟಕಿಯಿಂದ ತಲೆ ಹೊರಗೆ ಹಾಕಿದ. ‘ಐದ ಕೆಲಸಕ್ಕ ಐದ ಸಲ ಚಾಲೂ ಮಾಡೂದ? ಅಮಾಸಿ ಒಂದ ದಿನಾನ ಇರತೈತೋ ಮಾರಾಯ.’

‘ಹಂಗಾರ ನನ್ನ ಫೋನ್ ನಂಬರ್ ಗ್ವಾಡಿ ಮ್ಯಾಲ ಬರಕೋರಿ’ ಎಂದ ಮಿಸ್ತ್ರಿ.

ಕಾಕಾ ಗಾಡಿಯಿಂದ ಇಳಿದು, ಇದ್ದಲಿ ಹುಡುಕಿ, ಬರೆದುಕೊಂಡೇ ತೋಟಕ್ಕೆ ಹೋದ.